ಸ್ವಂತ ಶಾಖೆಯೋ, ಫ್ರಾಂಚೈಸಿಯೋ, ಲೈಸೆನ್ಸೋ: ಸಣ್ಣ ವ್ಯಾಪಾರವನ್ನು ಬೆಳೆಸುವ ದಾರಿಗಳ ಹೋಲಿಕೆ

ಒಂದು ಅಂಗಡಿ ಚೆನ್ನಾಗಿ ನಡೆಯತೊಡಗಿದ ಮೇಲೆ ಅದರ ಮಾಲೀಕರಿಗೆ ತಪ್ಪದೆ ಬರುವ ಕೋರಿಕೆಯೊಂದಿದೆ: "ನಮ್ಮ ಕಡೆಗೂ ನಿಮ್ಮದೊಂದು ಬ್ರಾಂಚ್ ಕೊಡಿ, ಬಂಡವಾಳ ನಾವು ಹಾಕುತ್ತೇವೆ." ಕೇಳಿದವರ ಮನಸ್ಸಿನಲ್ಲಿ ಏನಿದೆ ಎಂಬುದು ಈ ಮಾತಿನಿಂದ ತಿಳಿಯುವುದಿಲ್ಲ. ಅವರಿಗೆ ಬೇಕಾಗಿರುವುದು ನಿಮ್ಮ ಹೆಸರಿನ ಬೋರ್ಡು ಮಾತ್ರ ಇರಬಹುದು, ನಿಮ್ಮ ಸರಕನ್ನು ಮಾರುವ ಹಕ್ಕು ಇರಬಹುದು, ನೀವು ಕೆಲಸ ಮಾಡುವ ಕ್ರಮವನ್ನು ಕಲಿಯುವ ಆಸೆ ಇರಬಹುದು, ಇಲ್ಲವೇ ಹಣ ಹಾಕಿ ಮನೆಯಲ್ಲಿ ಕುಳಿತು ತಿಂಗಳಿಗಿಷ್ಟು ಎಂದು ಪಡೆಯುವ ಲೆಕ್ಕಾಚಾರವೂ ಇರಬಹುದು. ಈ ನಾಲ್ಕಕ್ಕೂ ವ್ಯವಹಾರದಲ್ಲಿ ಬೇರೆ ಬೇರೆ ಏರ್ಪಾಡುಗಳಿವೆ, ಅವುಗಳ ಖರ್ಚು, ಹೊಣೆ ಮತ್ತು ಅಪಾಯಗಳೂ ಬೇರೆ ಬೇರೆ.

ಅವುಗಳಲ್ಲಿ ಫ್ರಾಂಚೈಸಿಯನ್ನು ಗುರುತಿಸುವ ಎಳೆಗಳು ಮೂರು. ಮೊದಲನೆಯದು, ಇನ್ನೊಬ್ಬರು ನಿಮ್ಮ ಹೆಸರು ಮತ್ತು ಗುರುತಿನಡಿ ವ್ಯಾಪಾರ ಮಾಡುತ್ತಾರೆ. ಎರಡನೆಯದು, ಅವರು ಹೇಗೆ ವ್ಯಾಪಾರ ಮಾಡಬೇಕೆಂಬುದರ ಮೇಲೆ ನಿಮಗೆ ಗಣನೀಯ ಹಿಡಿತವಿರುತ್ತದೆ ಅಥವಾ ಅವರಿಗೆ ನೀವು ಗಣನೀಯ ನೆರವು ಕೊಡುತ್ತೀರಿ. ಮೂರನೆಯದು, ಇದಕ್ಕಾಗಿ ಅವರು ನಿಮಗೆ ಹಣ ಕೊಡಲೇಬೇಕಾಗುತ್ತದೆ. ಅಮೆರಿಕದಲ್ಲಿ ವ್ಯಾಪಾರದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮವು ಫ್ರಾಂಚೈಸಿಯನ್ನು ಅಳೆಯುವುದು ಈ ಮೂರರಿಂದಲೇ. ಮೂರೂ ಸೇರಿದ್ದರೆ ಪತ್ರದ ತಲೆಬರಹದಲ್ಲಿ ಲೈಸೆನ್ಸ್ ಎಂದಿದ್ದರೂ ಪಾಲುದಾರಿಕೆ ಎಂದಿದ್ದರೂ ಅಲ್ಲಿನ ಕಾನೂನು ಅದನ್ನು ಫ್ರಾಂಚೈಸಿ ಎಂದೇ ಎಣಿಸುತ್ತದೆ.

ದಾರಿಗಳನ್ನು ಹೋಲಿಸುವ ಮೊದಲು ಒಂದು ಕೆಲಸವಿದೆ. ಬೆಳೆಯುವ ಉತ್ಸಾಹದಲ್ಲಿರುವವರು ಸಾಮಾನ್ಯವಾಗಿ ತಮಗೆಷ್ಟು ರಾಯಲ್ಟಿ, ಅಂದರೆ ಹೆಸರು ಬಳಸುವವರು ತಮ್ಮ ವಹಿವಾಟಿನಲ್ಲಿ ಕೊಡುವ ಪಾಲು, ಬಂದೀತು ಎಂಬ ಲೆಕ್ಕವನ್ನು ಮೊದಲು ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಹಾಕಬೇಕಾದದ್ದು ಎದುರಿನವರ ಲೆಕ್ಕ: ಹಣ ಹಾಕಿ, ಮೈಮುರಿದು ದುಡಿದು, ನಿಮಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟ ಮೇಲೆ ಆ ಅಂಗಡಿಯವರಿಗೆ ಏನು ಗಿಟ್ಟುತ್ತದೆ?

ಅಂಗಡಿಯ ಲೆಕ್ಕವನ್ನು ಅಪರಿಚಿತರ ಕಣ್ಣಿನಿಂದ ನೋಡುವುದು

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ವರ್ಷದ ವಹಿವಾಟು 100 ಭಾಗವೆಂದು ಇಟ್ಟುಕೊಂಡರೆ, ಸೋಪು, ನೀರು, ವಿದ್ಯುತ್ತಿಗೆ 25, ಕೆಲಸದವರ ಸಂಬಳಕ್ಕೆ 22, ಸಾಗಣೆ, ರಿಪೇರಿ ಮತ್ತು ಇತರ ಖರ್ಚಿಗೆ 15 ಹೋಗಿ 38 ಉಳಿಯುತ್ತದೆ. ನೂರಕ್ಕೆ ಮೂವತ್ತೆಂಟು ಲಾಭ ಎಂದರೆ ಯಾರ ಕಣ್ಣಾದರೂ ಅರಳುತ್ತದೆ, ಮಾಲೀಕರು ಅದನ್ನೇ ಬಂದವರಿಗೆಲ್ಲ ಹೇಳುತ್ತಲೂ ಇರುತ್ತಾರೆ. ಆದರೆ ಈ ಅಂಗಡಿ ಅವರ ಸ್ವಂತ ಕಟ್ಟಡದಲ್ಲಿದೆ. ಹೊರಗೆ ಇಂಥದೇ ಜಾಗ ಹಿಡಿದರೆ ಬಾಡಿಗೆಗೆ 12 ಹೋಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಲ್ಲುವವರು ಮಾಲೀಕರೇ, ಲೆಕ್ಕ ಬರೆಯುವವರು ಮನೆಯವರೇ. ಅವರ ದುಡಿಮೆಗೆ ಸಂಬಳ ಹಚ್ಚಿದರೆ ಇನ್ನೂ 8 ಹೋಗುತ್ತದೆ. ಯಂತ್ರಗಳ ಸವಕಳಿಗೆ 5 ತೆಗೆದಿಡಬೇಕು. ಉಳಿಯುವುದು 13. ಇದರಲ್ಲಿ ವಹಿವಾಟಿನ ಮೇಲೆ ನೂರಕ್ಕೆ 6ರಂತೆ ರಾಯಲ್ಟಿ, 2ರಂತೆ ಜಾಹೀರಾತಿನ ನಿಧಿ ಎಂದು ನೀವು ತೆಗೆದುಕೊಂಡರೆ ಫ್ರಾಂಚೈಸಿ ಪಡೆದವರ ಕೈಯಲ್ಲಿ ಉಳಿಯುವುದು 5.

ಅಂಗಡಿ ಹಾಕಲು ಒಂದು ವರ್ಷದ ವಹಿವಾಟಿನ ಅರ್ಧದಷ್ಟು, ಅಂದರೆ 50 ಭಾಗ, ಬಂಡವಾಳ ಬೇಕಾಯಿತೆನ್ನಿ. ಬಡ್ಡಿಯನ್ನು ಬದಿಗಿಟ್ಟರೂ ಅಸಲು ಕೈಸೇರಲು ಹತ್ತು ವರ್ಷ ಬೇಕು. ಕರಾರು ಐದು ವರ್ಷದ್ದಾದರೆ ಆ ಮನುಷ್ಯ ಹಾಕಿದ ಹಣ ಹಿಂದಿರುಗುವ ಮೊದಲೇ ಅವಧಿ ಮುಗಿದಿರುತ್ತದೆ. ಮ್ಯಾನೇಜರನ್ನು ಇಡದೆ ತಾವೇ ನಿಂತು ನಡೆಸಿದರೆ ಸಂಬಳದ ಆ 8 ಸೇರಿ 13 ಉಳಿಯುತ್ತದೆ, ನಾಲ್ಕು ವರ್ಷದಲ್ಲಿ ಅಸಲು ಬರುತ್ತದೆ. ಆದರೆ ಆ ನಾಲ್ಕು ವರ್ಷ ಅವರು ಸಂಬಳವಿಲ್ಲದೆ ದುಡಿದಂತಾಯಿತು. ಇದು ಲೆಕ್ಕದ ಸಲುವಾಗಿ ಹಿಡಿದ ಅಂಕಿ, ನಿಮ್ಮ ವ್ಯಾಪಾರದ ಅಂಕಿ ಬೇರೆಯೇ ಇರುತ್ತದೆ. ಅಂಗಡಿಯ ಬಾಡಿಗೆ, ನಿಮ್ಮ ಸಂಬಳ, ಸವಕಳಿ ಈ ಮೂರನ್ನು ಸೇರಿಸದ ಯಾವ ಲಾಭದ ಲೆಕ್ಕವನ್ನೂ ಇನ್ನೊಬ್ಬರ ಮುಂದೆ ಇಡಬಾರದು.

ಇಷ್ಟು ಮಾಡಿದ ಮೇಲೆ ಬರುವ ಎರಡನೆಯ ಪರೀಕ್ಷೆ ಕೈಗುಣದ್ದು. ಗಿರಾಕಿಗಳು ಬರುತ್ತಿರುವುದು ಅಂಗಡಿಯ ಕ್ರಮಕ್ಕಾಗಿಯೋ ಮಾಲೀಕರ ಮುಖ ನೋಡಿಯೋ ಎಂಬುದನ್ನು ತಿಳಿಯಲು ಇರುವ ಉಪಾಯ ಸರಳವಾದದ್ದು, ಆದರೆ ಅನೇಕರಿಗೆ ಕಷ್ಟವಾದದ್ದು: ಒಂದೆರಡು ತಿಂಗಳು ಅಂಗಡಿಯಿಂದ ಪೂರ್ತಿ ದೂರವಿದ್ದು, ಫೋನಿನಲ್ಲೂ ಸಲಹೆ ಕೊಡದೆ, ವಹಿವಾಟು ಎಷ್ಟು ಇಳಿಯುತ್ತದೆಂದು ನೋಡುವುದು. ಈ ಅವಧಿಯಲ್ಲಿ ಕೆಲಸದವರು ಫೋನ್ ಮಾಡಿ ಕೇಳಬಯಸಿದ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದರೆ ಮುಂದೆ ಸಿದ್ಧಪಡಿಸಬೇಕಾದ ಕೈಪಿಡಿಯ ವಿಷಯಸೂಚಿ ತಾನಾಗಿಯೇ ಸಿದ್ಧವಾಗುತ್ತದೆ.

ಕೈಪಿಡಿ ಎಂದರೆ ಏನೆಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಎಷ್ಟೋ ಕಡೆ ಕೈಪಿಡಿಯ ಹೆಸರಿನಲ್ಲಿ ಸಂಸ್ಥೆಯ ಧ್ಯೇಯವಾಕ್ಯಗಳೂ ಚಿತ್ರಗಳೂ ತುಂಬಿರುತ್ತವೆ. "ಕಾಲರಿನ ಕಲೆಯನ್ನು ಚೆನ್ನಾಗಿ ತೆಗೆಯಿರಿ" ಎಂಬುದು ಸೂಚನೆಯಾಗುವುದಿಲ್ಲ. ಯಾವ ದ್ರಾವಣ, ಎಷ್ಟು ನೀರಿಗೆ ಎಷ್ಟು, ಯಾವ ಬಟ್ಟೆಗೆ ಹಾಕಲೇಬಾರದು, ಎಷ್ಟು ನಿಮಿಷ ನೆನೆಸಬೇಕು, ಎರಡು ಸಲ ಪ್ರಯತ್ನಿಸಿದರೂ ಕಲೆ ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ ಗಿರಾಕಿಗೆ ಫೋನ್ ಮಾಡಿ ಏನು ಹೇಳಬೇಕು, ಬಟ್ಟೆ ಹಾಳಾದರೆ ಎಷ್ಟರವರೆಗಿನ ಪರಿಹಾರವನ್ನು ಅಂಗಡಿಯವರೇ ತೀರ್ಮಾನಿಸಬಹುದು, ಅದಕ್ಕೂ ಮೇಲ್ಪಟ್ಟರೆ ಯಾರನ್ನು ಕೇಳಬೇಕು ಎಂಬಷ್ಟು ವಿವರ ಒಂದು ಕಲೆಗೇ ಬೇಕಾಗುತ್ತದೆ. ನಿಮ್ಮ ಕೆಲಸವನ್ನು ಹೀಗೆ ಬರೆಯಲು ಬರುವುದಿಲ್ಲವೆಂದಾದರೆ, ಅದು ಎಷ್ಟೇ ಒಳ್ಳೆಯ ಕೆಲಸವಾಗಿರಲಿ, ಫ್ರಾಂಚೈಸಿಗೆ ಒಗ್ಗುವುದಿಲ್ಲ.

ಸ್ವಂತ ಶಾಖೆಗಳು

ಎರಡನೆಯ ಅಂಗಡಿಯನ್ನು ನಿಮ್ಮದೇ ಹಣದಲ್ಲಿ, ನಿಮ್ಮದೇ ಹೊಣೆಯಲ್ಲಿ ತೆರೆಯುವುದು ಎಲ್ಲಕ್ಕಿಂತ ನಿಧಾನದ ದಾರಿ. ಬಂಡವಾಳ ನಿಮ್ಮದು, ಸಾಲ ನಿಮ್ಮದು, ನಷ್ಟವೂ ನಿಮ್ಮದು. ಬದಲಿಗೆ ಮೇಲಿನ ಲೆಕ್ಕದ 13 ಭಾಗವೂ ಪೂರ್ತಿಯಾಗಿ ನಿಮ್ಮದೇ. ಬೆಲೆ ಬದಲಿಸಬೇಕೆಂದರೆ, ಹೊಸ ಸೇವೆಯೊಂದನ್ನು ಪರೀಕ್ಷಿಸಬೇಕೆಂದರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1948ರಲ್ಲಿ ಆರಂಭವಾದ ಇನ್-ಎನ್-ಔಟ್ ಎಂಬ ಹೋಟೆಲ್ ಸರಣಿ ಇಂದಿನವರೆಗೂ ಫ್ರಾಂಚೈಸಿಗೆ ಕೊಡದೆ ಸ್ವಂತ ಮಳಿಗೆಗಳಿಂದಲೇ ಬೆಳೆದಿದೆ. ಅದರ ಬೆಳವಣಿಗೆ ನಿಧಾನದ್ದು, ಹಿಡಿತ ಮಾತ್ರ ಪೂರ್ತಿ ಅದರದೇ.

ಈ ದಾರಿಯ ಕಷ್ಟ ಹಣಕ್ಕಿಂತ ಹೆಚ್ಚಾಗಿ ಮ್ಯಾನೇಜರನದು. ಸಂಬಳಕ್ಕೆ ಬರುವವರು ಗಲ್ಲಾಪೆಟ್ಟಿಗೆಯನ್ನು ಮಾಲೀಕರಂತೆ ಕಾಯುತ್ತಾರೆಂದು ನಿರೀಕ್ಷಿಸುವುದು ಸರಿಯಲ್ಲ. ಅದಕ್ಕೆ ಮದ್ದಾಗಿ ಶಾಖೆಯ ಲಾಭದಲ್ಲಿ ಮ್ಯಾನೇಜರಿಗೆ ಪಾಲು ಕೊಡುವ ಪದ್ಧತಿಯಿದೆ. ಚಿಕ್-ಫಿಲ್-ಎ ಎಂಬ ಅಮೆರಿಕದ ಸರಣಿ ಇದನ್ನು ಫ್ರಾಂಚೈಸಿಯ ಚೌಕಟ್ಟಿನೊಳಗೇ ತಂದಿದೆ: ನಡೆಸುವವರಿಂದ ಆರಂಭದಲ್ಲಿ ಪಡೆಯುವುದು 10,000 ಡಾಲರ್ ಮಾತ್ರ, ಜಾಗ ಮತ್ತು ಕಟ್ಟಡದ ಬಂಡವಾಳವೆಲ್ಲ ಸಂಸ್ಥೆಯದು, ಅದಕ್ಕೆ ತಕ್ಕಂತೆ ಲಾಭದ ದೊಡ್ಡ ಪಾಲೂ ಸಂಸ್ಥೆಗೇ ಹೋಗುತ್ತದೆ. ಒಳ್ಳೆಯ ಕೆಲಸದವರಿದ್ದೂ ಅವರ ಬಳಿ ಹಣವಿಲ್ಲ, ನಿಮ್ಮ ಬಳಿ ಒಂದಿಷ್ಟು ಹಣವಿದೆ ಎಂಬ ಸ್ಥಿತಿಯಲ್ಲಿ ಇಂಥ ಏರ್ಪಾಡು ಫ್ರಾಂಚೈಸಿಗಿಂತ ಮೇಲು ಎಂಬುದು ನನ್ನ ಎಣಿಕೆ.

ಫ್ರಾಂಚೈಸಿ ಕೊಡಲೇಬೇಕೆಂದು ನಿರ್ಧರಿಸಿದವರೂ ಎರಡನೆಯ ಸ್ವಂತ ಅಂಗಡಿಯನ್ನು ಬಿಟ್ಟುಹೋಗುವಂತಿಲ್ಲ. ಮೊದಲ ಅಂಗಡಿಯ ಯಶಸ್ಸಿನಲ್ಲಿ ಜಾಗದ ಪಾಲೆಷ್ಟು, ಪರಿಚಯದ ಪಾಲೆಷ್ಟು, ಕ್ರಮದ ಪಾಲೆಷ್ಟು ಎಂಬುದು ಒಂದೇ ಅಂಗಡಿಯಿಂದ ತಿಳಿಯಲು ಸಾಧ್ಯವಿಲ್ಲ. ಚೀನಾದಲ್ಲಿ 2007ರಲ್ಲಿ ಜಾರಿಗೆ ಬಂದ ನಿಯಮಾವಳಿಯು ಫ್ರಾಂಚೈಸಿ ಕೊಡುವವರು ಕನಿಷ್ಠ ಎರಡು ಮಳಿಗೆಗಳನ್ನು ತಾವೇ ಒಂದು ವರ್ಷಕ್ಕೂ ಮೇಲ್ಪಟ್ಟು ನಡೆಸಿರಬೇಕೆಂದು ವಿಧಿಸಿರುವುದು ಇದೇ ಕಾರಣಕ್ಕೆ. ಕಾನೂನಿನಲ್ಲಿ ಇಲ್ಲದ ಕಡೆಯೂ ಇದನ್ನು ತಾವಾಗಿಯೇ ಪಾಲಿಸುವುದು ಒಳ್ಳೆಯದು. ಸಬ್‌ವೇ ಎಂಬ ಅಮೆರಿಕದ ಸ್ಯಾಂಡ್‌ವಿಚ್ ಸರಣಿ 1965ರಲ್ಲಿ ಒಂದು ಅಂಗಡಿಯಿಂದ ಆರಂಭವಾಯಿತು. ಹತ್ತು ವರ್ಷಗಳಲ್ಲಿ 32 ಅಂಗಡಿ ತೆರೆಯುವ ಗುರಿ ಇಟ್ಟುಕೊಂಡಿದ್ದ ಅದರ ಸ್ಥಾಪಕರು 1974ರ ಹೊತ್ತಿಗೆ 16 ಅಂಗಡಿಗಳನ್ನು ತಾವೇ ನಡೆಸುತ್ತಿದ್ದರು. ಗುರಿ ಮುಟ್ಟುವುದಿಲ್ಲವೆಂದು ಕಂಡಮೇಲೆ ಫ್ರಾಂಚೈಸಿಗೆ ಇಳಿದರು. ಸಾವಿರಾರು ಮಳಿಗೆಗಳ ಸುದ್ದಿ ಹೇಳುವವರು ಅದರ ಹಿಂದಿನ ಈ ಹದಿನಾರನ್ನು ಹೇಳುವುದು ಕಡಿಮೆ.

ಒಂದೊಂದೇ ಅಂಗಡಿಯ ಫ್ರಾಂಚೈಸಿ

ಇಲ್ಲಿ ಬಂಡವಾಳ ಎದುರಿನವರದು, ಆದ್ದರಿಂದ ನಿಮ್ಮ ಸಾಲದ ಹೊರೆ ಹೆಚ್ಚದೆ ಅಂಗಡಿಗಳು ಹೆಚ್ಚುತ್ತವೆ. ಸ್ವಂತ ಹಣ ಹಾಕಿದವರು ಅಂಗಡಿಯಲ್ಲಿ ನಿಲ್ಲುವುದರಿಂದ ಮ್ಯಾನೇಜರನ ತೊಡಕೂ ಬಹುಮಟ್ಟಿಗೆ ನೀಗುತ್ತದೆ. ಈ ಎರಡು ಲಾಭಗಳು ನಿಜವಾದವು. ಅವುಗಳಿಗೆ ತೆರಬೇಕಾದ ಬೆಲೆಯೆಂದರೆ ನಿಮ್ಮ ಉದ್ಯೋಗವೇ ಬದಲಾಗುತ್ತದೆ. ನಿನ್ನೆಯವರೆಗೆ ಬಟ್ಟೆ ಒಗೆಯುವುದರಲ್ಲಿ ನಿಪುಣರಾಗಿದ್ದವರು ಇನ್ನು ಮುಂದೆ ಜನರನ್ನು ಆರಿಸುವುದು, ಕಲಿಸುವುದು, ತಪಾಸಣೆ ಮಾಡುವುದು, ಲೆಕ್ಕ ಪರಿಶೀಲಿಸುವುದು, ಜಗಳ ಬಿಡಿಸುವುದು ಇವುಗಳಲ್ಲಿ ನಿಪುಣರಾಗಬೇಕು. ಈ ಕೆಲಸ ಇಷ್ಟವಿಲ್ಲದವರು ಸ್ವಂತ ಶಾಖೆಗಳಲ್ಲೇ ನಿಲ್ಲುವುದು ಸುಖ.

ಹಣದ ಮಾತಿಗೆ ಬಂದರೆ, ಆದಾಯ ಸಾಮಾನ್ಯವಾಗಿ ಮೂರು ರೂಪದಲ್ಲಿ ಬರುತ್ತದೆ: ಆರಂಭದ ಶುಲ್ಕ, ವಹಿವಾಟಿನ ಮೇಲಿನ ರಾಯಲ್ಟಿ ಮತ್ತು ಜಾಹೀರಾತಿಗೆಂದು ಪಡೆಯುವ ಪಾಲು. ಸಬ್‌ವೇಯಲ್ಲಿ ರಾಯಲ್ಟಿ ನೂರಕ್ಕೆ 8, ಜಾಹೀರಾತಿಗೆ 4.5, ಅನೇಕ ಸರಣಿಗಳು ಇದಕ್ಕಿಂತ ಕಡಿಮೆ ಪಡೆಯುತ್ತವೆ. ಆರಂಭದ ಶುಲ್ಕವನ್ನು ಲಾಭವೆಂದು ಎಣಿಸುವುದು ದೊಡ್ಡ ಅಪಾಯ. ಆ ಹಣ ಜಾಗ ನೋಡುವುದಕ್ಕೆ, ತರಬೇತಿಗೆ, ಮೊದಲ ವಾರಗಳಲ್ಲಿ ಜೊತೆಗಿದ್ದು ನಡೆಸಿಕೊಡುವುದಕ್ಕೆ ಖರ್ಚಾಗಿ ಹೋಗಬೇಕು. ಶುಲ್ಕದಿಂದಲೇ ಬದುಕುವ ಸಂಸ್ಥೆಗೆ ಪ್ರತಿ ತಿಂಗಳೂ ಹೊಸಬರು ಬೇಕಾಗುತ್ತಾರೆ, ಹಳಬರು ಮುಳುಗಿದರೂ ಅದರ ಗಮನ ಹೊಸಬರ ಮೇಲೆಯೇ ಇರುತ್ತದೆ.

ರಾಯಲ್ಟಿಯ ಲೆಕ್ಕವೂ ಮೊದಲ ನೋಟಕ್ಕೆ ಕಂಡಷ್ಟು ಹುಲುಸಾಗಿರುವುದಿಲ್ಲ. ಮೇಲಿನ ಅಂಗಡಿಯಲ್ಲಿ ನಾಲ್ವರು ಕೆಲಸದವರಿದ್ದು ಅವರ ಸಂಬಳ 22 ಭಾಗವಾದರೆ ತಲೆಗೆ ಐದೂವರೆ ಆಯಿತು. ಅಂದರೆ ಒಂದು ಅಂಗಡಿಯ ರಾಯಲ್ಟಿಯಿಂದ ಒಬ್ಬ ಸಾಮಾನ್ಯ ಕೆಲಸಗಾರನ ಸಂಬಳವಷ್ಟೇ ಹೊರಡುತ್ತದೆ. ಊರೂರಿಗೆ ಹೋಗಿ ಕಲಿಸಬಲ್ಲ ಅನುಭವಿಯ ಸಂಬಳ ಇದಕ್ಕೆ ಎರಡು ಪಟ್ಟು, ಪ್ರಯಾಣದ ಖರ್ಚು ಬೇರೆ, ಲೆಕ್ಕ ನೋಡುವವರು ಬೇರೆ, ವಕೀಲರ ಶುಲ್ಕ ಬೇರೆ. ಎಂಟು ಹತ್ತು ಅಂಗಡಿಗಳಾಗುವವರೆಗೆ ಕೇಂದ್ರ ಕಚೇರಿ ತನ್ನ ಖರ್ಚನ್ನು ತಾನು ಭರಿಸದು, ಅಲ್ಲಿಯವರೆಗೆ ಅದನ್ನು ಸಾಕಬೇಕಾದದ್ದು ನಿಮ್ಮ ಮೊದಲ ಅಂಗಡಿಯೇ.

ಮೆಕ್‌ಡೊನಾಲ್ಡ್ಸ್‌ನ ಆರಂಭದ ವರ್ಷಗಳು ಇದಕ್ಕೆ ಒಳ್ಳೆಯ ನಿದರ್ಶನ. ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಸಹೋದರರ ಪದ್ಧತಿಯನ್ನು ಬೇರೆಯವರಿಗೆ ಹಂಚುವ ಹಕ್ಕು ಪಡೆದ ರೇ ಕ್ರಾಕ್ 1955ರಲ್ಲಿ ತಮ್ಮ ಮೊದಲ ಮಳಿಗೆ ತೆರೆದರು. ಒಬ್ಬೊಬ್ಬ ಫ್ರಾಂಚೈಸಿದಾರರಿಂದ ಅವರು ಪಡೆಯಬಹುದಾಗಿದ್ದದ್ದು 950 ಡಾಲರ್ ಶುಲ್ಕ ಮತ್ತು ವಹಿವಾಟಿನ ನೂರಕ್ಕೆ 1.9 ಭಾಗ. ಆ 1.9ರಲ್ಲಿ 0.5 ಸಹೋದರರಿಗೆ ಸಲ್ಲಬೇಕಿತ್ತು. ಉಳಿದ 1.4ರಲ್ಲಿ ತರಬೇತಿ, ತಪಾಸಣೆ, ಕಚೇರಿ ಎಲ್ಲವೂ ನಡೆಯಬೇಕು, ನಡೆಯಲಿಲ್ಲ. ಹ್ಯಾರಿ ಸೊನ್ನೆಬಾರ್ನ್ ಎಂಬ ಅವರ ಸಹೋದ್ಯೋಗಿ ಸೂಚಿಸಿದಂತೆ 1956ರಲ್ಲಿ ಪ್ರತ್ಯೇಕ ಕಂಪನಿ ಸ್ಥಾಪಿಸಿ, ಮಳಿಗೆಯ ಜಾಗವನ್ನು ತಾವೇ ಗುತ್ತಿಗೆಗೆ ಹಿಡಿದು ಹೆಚ್ಚಿನ ಬಾಡಿಗೆಗೆ ಫ್ರಾಂಚೈಸಿದಾರರಿಗೆ ಕೊಡತೊಡಗಿದ ಮೇಲೆಯೇ ಸಂಸ್ಥೆ ನೆಲೆ ಕಂಡಿತು. 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಸಹೋದರರ ಹಕ್ಕನ್ನೂ ಕೊಂಡುಕೊಂಡರು. ಜಾಗದ ಮೇಲೆ ಹಿಡಿತವಿದ್ದದ್ದರಿಂದ ಆದಾಯದ ಜೊತೆಗೆ ಶಿಸ್ತೂ ಬಂತು: ಕರಾರು ಮುರಿದವರು ಬೋರ್ಡು ಬದಲಿಸಿ ಅಲ್ಲೇ ಅದೇ ವ್ಯಾಪಾರ ಮುಂದುವರಿಸುವಂತಿರಲಿಲ್ಲ. ಸಣ್ಣ ವ್ಯಾಪಾರಿಗೆ ಜಾಗ ಹಿಡಿಯುವ ಶಕ್ತಿ ಇಲ್ಲದಿದ್ದರೂ, ಫ್ರಾಂಚೈಸಿ ಮುಗಿದಾಗ ಬಾಡಿಗೆ ಕರಾರನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳುವ ಹಕ್ಕನ್ನು ಕಟ್ಟಡದ ಮಾಲೀಕರಿಂದ ಮೊದಲೇ ಬರೆಸಿಕೊಳ್ಳಬಹುದು.

ರಾಯಲ್ಟಿ ಪದ್ಧತಿಯೊಳಗೆ ಹುಟ್ಟಿನಿಂದಲೇ ಬಂದ ಒಂದು ಎಳೆದಾಟವಿದೆ. ನಿಮಗೆ ಬರುವುದು ವಹಿವಾಟಿನ ಮೇಲೆ, ಅವರಿಗೆ ಉಳಿಯುವುದು ಲಾಭದಲ್ಲಿ. ಭಾರಿ ರಿಯಾಯಿತಿ ಘೋಷಿಸಿ ಗಿರಾಕಿಗಳನ್ನು ದುಪ್ಪಟ್ಟು ಮಾಡಿದರೆ ನಿಮ್ಮ ರಾಯಲ್ಟಿ ಏರುತ್ತದೆ, ಅವರ ಕೈ ಕಚ್ಚುತ್ತದೆ. ಸೆವೆನ್-ಇಲೆವೆನ್ ಸರಣಿಯು ವಹಿವಾಟಿನ ಬದಲು ಸರಕಿನ ಕೊಂಡ ಬೆಲೆ ಕಳೆದುಳಿದ ಒಟ್ಟು ಲಾಭವನ್ನು ಹಂಚಿಕೊಳ್ಳುವ ಕ್ರಮ ಇಟ್ಟುಕೊಂಡಿದೆ, ಅದರಲ್ಲಿ ಈ ಎಳೆದಾಟ ಸ್ವಲ್ಪ ಕಡಿಮೆ. ಇನ್ನು ಕೆಲವರು ರಾಯಲ್ಟಿಯನ್ನು ಇಳಿಸಿ, ಸಾಮಗ್ರಿಯನ್ನು ತಮ್ಮಿಂದಲೇ ಕೊಳ್ಳಬೇಕೆಂದು ವಿಧಿಸಿ, ಅದರ ಮೇಲೆ ಲಾಭ ಇಟ್ಟುಕೊಳ್ಳುತ್ತಾರೆ. ಲೆಕ್ಕ ಮುಚ್ಚಿಡುವವರಿಂದಲೂ ಹಣ ಬರುತ್ತದೆಂಬುದು ಇದರ ಅನುಕೂಲ. ಆದರೆ ಹೊರಗೆ ಅಗ್ಗವಾಗಿ ಸಿಗುವುದನ್ನು ದುಬಾರಿಗೆ ಕೊಳ್ಳಬೇಕಾದವರ ಅಸಮಾಧಾನ ಬೇಗನೆ ಜಗಳಕ್ಕೆ ತಿರುಗುತ್ತದೆ. ಅಮೆರಿಕದ ಕ್ವಿಜ್ನೋಸ್ ಸರಣಿಯ ಮೇಲೆ ಫ್ರಾಂಚೈಸಿದಾರರು ಹೂಡಿದ ಮೊಕದ್ದಮೆಗಳಲ್ಲಿ ಇಂಥ ಕಡ್ಡಾಯ ಖರೀದಿಯ ಬೆಲೆಯೇ ಮುಖ್ಯ ದೂರಾಗಿತ್ತು. ಆ ಸಂಸ್ಥೆ 2014ರಲ್ಲಿ ದಿವಾಳಿ ರಕ್ಷಣೆ ಕೋರಿತು. ಗುಣಮಟ್ಟಕ್ಕೆ ನಿಜವಾಗಿ ಬೇಕಾದ ಒಂದೆರಡು ಸಾಮಗ್ರಿಗಳನ್ನು ಮಾತ್ರ ಕಡ್ಡಾಯ ಮಾಡಿ, ಉಳಿದದ್ದಕ್ಕೆ ಮಾನದಂಡ ಬರೆದುಕೊಟ್ಟು ಎಲ್ಲಿಂದಲಾದರೂ ಕೊಳ್ಳಲು ಬಿಡುವುದು ಲೇಸು.

ಪ್ರದೇಶ ಪೂರ್ತಿಯನ್ನೇ ಬರೆದುಕೊಡುವುದು

ಒಬ್ಬರಿಗೇ ಒಂದು ಪ್ರದೇಶದಲ್ಲಿ ಹತ್ತಾರು ಅಂಗಡಿ ತೆರೆಯುವ ಹಕ್ಕು ಕೊಡುವುದು ಒಂದು ಬಗೆ. ಅವರು ಮತ್ತೆ ಬೇರೆಯವರಿಗೆ ಫ್ರಾಂಚೈಸಿ ಕೊಡಬಹುದಾದ ಮಾಸ್ಟರ್ ಫ್ರಾಂಚೈಸಿ ಇನ್ನೊಂದು ಬಗೆ. ಎರಡರಲ್ಲೂ ಒಂದೇ ಸಲಕ್ಕೆ ದೊಡ್ಡ ಮೊತ್ತ ಕೈಗೆ ಬರುತ್ತದೆ, ಆಕರ್ಷಣೆಯೂ ಅದೇ. ಭಾಷೆ, ಕಾನೂನು, ಮಾರುಕಟ್ಟೆ ಎಲ್ಲ ಬೇರೆಯಾದ ಹೊರದೇಶಕ್ಕೆ ಹೋಗುವಾಗ ಮಾಸ್ಟರ್ ಫ್ರಾಂಚೈಸಿಗೆ ಅರ್ಥವಿದೆ. ನಾಲ್ಕಾರು ಅಂಗಡಿಗಳ ಸಣ್ಣ ವ್ಯಾಪಾರಕ್ಕೆ ಮಾತ್ರ ನಾನು ಇದನ್ನು ಸೂಚಿಸಲಾರೆ: ರಾಯಲ್ಟಿ ಇಬ್ಬರಲ್ಲಿ ಹಂಚಿಹೋಗುತ್ತದೆ, ಗಿರಾಕಿಗೂ ನಿಮಗೂ ನಡುವೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ, ಅವರು ಕೈಕಟ್ಟಿ ಕುಳಿತರೆ ಇಡೀ ಪ್ರದೇಶ ವರ್ಷಗಟ್ಟಲೆ ಪಾಳು ಬೀಳುತ್ತದೆ. ಕ್ರಾಕ್ ಅವರು ಪ್ರದೇಶಗಳನ್ನು ಮಾರಿ ಬೇಗ ಹಣ ಮಾಡುವ ಅಂದಿನ ರೂಢಿಯನ್ನು ಬಿಟ್ಟು ಒಂದೊಂದೇ ಮಳಿಗೆಯ ಹಕ್ಕು ಕೊಟ್ಟದ್ದು ಈ ಹಿಡಿತ ತಪ್ಪಬಾರದೆಂದೇ.

ಕೊಡಲೇಬೇಕಾಗಿ ಬಂದರೆ, ಯಾವ ವರ್ಷದೊಳಗೆ ಎಷ್ಟು ಅಂಗಡಿ ತೆರೆಯಬೇಕು ಮತ್ತು ತೆರೆಯದಿದ್ದರೆ ಉಳಿದ ಪ್ರದೇಶದ ಹಕ್ಕು ತಾನಾಗಿಯೇ ಹಿಂದಿರುಗುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಯಬೇಕು. ಪ್ರದೇಶ ಪಡೆದವರಿಗೆ ನೀವೇ ಸಾಲ ಕೊಟ್ಟು ಅಂಗಡಿ ತೆರೆಸುವ ಗೋಜಿಗಂತೂ ಹೋಗಬಾರದು. ಬೋಸ್ಟನ್ ಚಿಕನ್ ಎಂಬ ಅಮೆರಿಕದ ಸಂಸ್ಥೆ ಹಾಗೆ ಮಾಡಿತ್ತು: ಪ್ರದೇಶದ ಹಕ್ಕುದಾರರಿಗೆ ತಾನೇ ಸಾಲ ಕೊಟ್ಟು, ಅವರಿಂದ ಬಂದ ಶುಲ್ಕ, ರಾಯಲ್ಟಿ, ಬಡ್ಡಿಗಳನ್ನು ತನ್ನ ಆದಾಯವೆಂದು ತೋರಿಸಿತು, ಅವರ ಅಂಗಡಿಗಳ ನಷ್ಟ ಮಾತ್ರ ಅದರ ಲೆಕ್ಕಪತ್ರದಲ್ಲಿ ಕಾಣಲಿಲ್ಲ. 1998ರಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿತು.

ಲೈಸೆನ್ಸ್ ಮತ್ತು ಡೀಲರ್‌ಶಿಪ್

ನಿಮ್ಮ ಬಲ ಇರುವುದು ಸರಕಿನಲ್ಲಿ, ಅಂಗಡಿ ನಡೆಸುವ ಕ್ರಮದಲ್ಲಿ ವಿಶೇಷವೇನಿಲ್ಲ ಎಂದಾದರೆ ಫ್ರಾಂಚೈಸಿಯ ಗೊಡವೆಯೇ ಬೇಡ. ಡೀಲರುಗಳನ್ನು ನೇಮಿಸಿ ಸರಕು ಮಾರಿದರೆ ಸಾಕು. ಸಿಂಗರ್ ಹೊಲಿಗೆ ಯಂತ್ರದ ಕಂಪನಿ 1850ರ ದಶಕದಲ್ಲಿಯೇ ಪ್ರದೇಶವಾರು ಮಾರಾಟಗಾರರ ಮೂಲಕ ಬೆಳೆಯಿತು. ಬೆನೆಟನ್ ಉಡುಪಿನ ಕಂಪನಿ ತನ್ನ ಹೆಸರಿನ ಅಂಗಡಿಗಳಿಂದ ರಾಯಲ್ಟಿ ಪಡೆಯದೆ ಉಡುಪನ್ನು ಸಗಟು ದರದಲ್ಲಿ ಮಾರುವುದರಿಂದಲೇ ಲಾಭ ಮಾಡಿಕೊಂಡಿತು. ಇಲ್ಲಿ ಕೈಪಿಡಿ, ತಪಾಸಣೆಗಳ ಹೊರೆ ಕಡಿಮೆ. ಡೀಲರು ನಾಳೆ ಬೇರೆಯವರ ಸರಕನ್ನೂ ಪಕ್ಕದಲ್ಲಿಟ್ಟು ಮಾರಬಹುದು ಎಂಬುದನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಹೆಸರನ್ನೋ ವಿನ್ಯಾಸವನ್ನೋ ತಂತ್ರವನ್ನೋ ಬಳಸಲು ಮಾತ್ರ ಅನುಮತಿ ಕೊಡುವ ಲೈಸೆನ್ಸ್ ಇದಕ್ಕಿಂತಲೂ ಹಗುರವಾದ ಏರ್ಪಾಡು. ಸ್ವಂತ ಮಳಿಗೆಗಳಿಂದ ಬೆಳೆದ ಸ್ಟಾರ್‌ಬಕ್ಸ್ ಕೂಡ ವಿಮಾನ ನಿಲ್ದಾಣಗಳಂಥ ಜಾಗಗಳಲ್ಲಿ, ಅಲ್ಲಿ ಈಗಾಗಲೇ ವ್ಯಾಪಾರ ನಡೆಸುವವರಿಗೆ ಲೈಸೆನ್ಸ್ ಕೊಡುತ್ತದೆ. ಹೆಸರು ಕೊಟ್ಟು ಗುಣಮಟ್ಟ ನೋಡದೆ ಕೈತೊಳೆದುಕೊಳ್ಳುವುದು ಮಾತ್ರ ಸರಿಯಲ್ಲ, ಏಕೆಂದರೆ ಹಿಡಿತವಿಲ್ಲದೆ ಟ್ರೇಡ್‌ಮಾರ್ಕನ್ನು ಬಳಸಲು ಬಿಟ್ಟ ಮಾಲೀಕರು ಆ ಗುರುತಿನ ಮೇಲಿನ ಹಕ್ಕನ್ನೇ ಕಳೆದುಕೊಳ್ಳುವ ಸಂಭವವಿದೆ. ಹಿಡಿತ ಹೆಚ್ಚಾದರೆ ಅದೇ ಏರ್ಪಾಡು ಫ್ರಾಂಚೈಸಿ ಕಾನೂನಿನೊಳಗೆ ಬಂದುಬಿಡಬಹುದು. ಈ ಎರಡರ ನಡುವಿನ ಜಾಗ ಇಕ್ಕಟ್ಟಾದದ್ದು, ವಕೀಲರಿಗೆ ಕೊಡುವ ಹಣ ದಂಡವಾಗದ ಜಾಗವೂ ಹೌದು.

ಹಣ ಅವರದು, ನಡೆಸುವುದು ನೀವು

ಹೂಡಿಕೆ ಮಾಡಿದವರು ಅಂಗಡಿಯ ಒಡೆಯರಾಗಿದ್ದು, ದಿನದ ವ್ಯವಹಾರವನ್ನು ಮೂಲ ಸಂಸ್ಥೆಯೇ ನೋಡಿಕೊಳ್ಳುವ ಪದ್ಧತಿಯೂ ಚಾಲ್ತಿಯಲ್ಲಿದೆ. ಗುಣಮಟ್ಟ ನಿಮ್ಮ ಕೈಯಲ್ಲೇ ಉಳಿಯುತ್ತದೆ, ನಿಜ. ಆದರೆ ಇಂಥವರು ಬಹುತೇಕ ಕೇಳುವುದು ತಿಂಗಳಿಗೆ ಇಷ್ಟು ಬರಲೇಬೇಕೆಂಬ ಖಾತರಿಯನ್ನು. ಖಾತರಿ ಬರೆದುಕೊಟ್ಟ ಕ್ಷಣದಿಂದ ಅದು ನಿಮ್ಮ ಪಾಲಿಗೆ ಸಾಲವೇ, ಅದೂ ಬ್ಯಾಂಕಿನ ಬಡ್ಡಿಗಿಂತ ದುಬಾರಿಯಾಗುವ ಸಂಭವವಿರುವ ಸಾಲ. ಅದರ ಬದಲು ಬ್ಯಾಂಕಿನಲ್ಲಿ ಸಾಲ ಮಾಡಿ ಸ್ವಂತ ಶಾಖೆ ತೆರೆದರೆ ಅಂಗಡಿಯಾದರೂ ನಿಮ್ಮದಾಗಿರುತ್ತದೆ.

ಕಾನೂನು ಮತ್ತು ಕರಾರು

ಫ್ರಾಂಚೈಸಿಯ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿದ್ದು 2007ರಲ್ಲಿ ಪರಿಷ್ಕೃತವಾದ ನಿಯಮದಂತೆ, 23 ವಿಷಯಗಳನ್ನೊಳಗೊಂಡ ಮಾಹಿತಿ ದಾಖಲೆಯನ್ನು ಸಹಿ ಅಥವಾ ಹಣ ಪಡೆಯುವ ಕನಿಷ್ಠ 14 ದಿನ ಮೊದಲೇ ಕೊಡಬೇಕು. ಫ್ರಾನ್ಸಿನಲ್ಲಿ 1989ರ ಕಾನೂನಿನಂತೆ ಈ ಅವಧಿ 20 ದಿನ. ಆಸ್ಟ್ರೇಲಿಯಾ 1998ರಿಂದ ಕಡ್ಡಾಯ ನೀತಿಸಂಹಿತೆಯನ್ನು ಹೊಂದಿದೆ, ಮಲೇಷ್ಯಾದ 1998ರ ಕಾಯ್ದೆಯು ನೋಂದಣಿಯನ್ನೂ ಬಯಸುತ್ತದೆ. ಭಾರತದಂಥ ದೇಶಗಳಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲದೆ, 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮೊದಲಾದವುಗಳೇ ಅನ್ವಯಿಸುತ್ತವೆ. ಹಾಗಾಗಿ ಅಲ್ಲೆಲ್ಲ ಕರಾರು ಪತ್ರದ ಒಂದೊಂದು ಸಾಲಿಗೂ ತೂಕ ಹೆಚ್ಚು. ಎಲ್ಲಿಯೇ ಆಗಲಿ, ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ಮೊದಲು ಫ್ರಾಂಚೈಸಿಯ ಮಾತು ಎತ್ತಬಾರದು.

ಕರಾರಿನಲ್ಲಿ ಶುಲ್ಕ, ಅವಧಿಗಳನ್ನು ಎಲ್ಲರೂ ಬರೆಯುತ್ತಾರೆ. ಮರೆಯುವುದು ಚಿಕ್ಕದಾಗಿ ಕಾಣುವ ಸಂಗತಿಗಳನ್ನು. ಅಂಗಡಿಯ ಫೋನ್ ನಂಬರು ಯಾರ ಹೆಸರಿನಲ್ಲಿರಬೇಕು, ಗಿರಾಕಿಗಳ ಪಟ್ಟಿ ಯಾರ ಸ್ವತ್ತು, ಒಬ್ಬರ ಪ್ರದೇಶದಿಂದ ಆನ್‌ಲೈನಿನಲ್ಲಿ ಬಂದ ಆರ್ಡರಿನ ಹಣ ಯಾರಿಗೆ, ಬಿಲ್ಲಿಂಗ್ ಸಾಫ್ಟ್‌ವೇರಿನ ಅಂಕಿಗಳನ್ನು ನೀವು ನೇರವಾಗಿ ನೋಡಬಹುದೇ, ಫ್ರಾಂಚೈಸಿ ಪಡೆದವರು ತೀರಿಕೊಂಡರೆ ಅಂಗಡಿ ಯಾರಿಗೆ ಸೇರುತ್ತದೆ, ಮಾರಲು ಬಯಸಿದರೆ ಯಾರಿಗೆ ಮಾರಬಹುದು ಎಂಬಿವೆಲ್ಲ ಸಂಬಂಧ ಚೆನ್ನಾಗಿರುವಾಗಲೇ ತೀರ್ಮಾನವಾಗಬೇಕು. ಅವಧಿಯ ವಿಷಯದಲ್ಲಿ, ಅಸಲು ಹಿಂದಿರುಗಲು ಬೇಕಾದ ವರ್ಷಗಳಿಗಿಂತ ಕರಾರಿನ ವರ್ಷಗಳು ಹೆಚ್ಚಿರಲೇಬೇಕು. ಇಲ್ಲವಾದರೆ ಬುದ್ಧಿವಂತರು ಸಹಿ ಹಾಕುವುದಿಲ್ಲ, ಹಾಕುವವರು ನಿಮಗೆ ಬೇಕಾದವರಾಗಿರುವುದಿಲ್ಲ.

ಯಾರಿಗೆ ಯಾವ ದಾರಿ

ಒಂದೇ ಅಂಗಡಿ ಇದ್ದು ಅದೂ ಮಾಲೀಕರ ದುಡಿಮೆಯ ಮೇಲೆ ನಿಂತಿದ್ದರೆ ಎಷ್ಟೇ ಬೇಡಿಕೆ ಬಂದರೂ ಎರಡನೆಯ ಸ್ವಂತ ಅಂಗಡಿಯೇ ಮುಂದಿನ ಹೆಜ್ಜೆ. ಎರಡು ಮೂರು ಅಂಗಡಿಗಳು ಮಾಲೀಕರಿಲ್ಲದೆ ನಡೆಯುತ್ತಿದ್ದು, ರಾಯಲ್ಟಿ ಕಳೆದ ಮೇಲೂ ನಡೆಸುವವರಿಗೆ ಸಂಬಳವೂ ಹೂಡಿಕೆಗೆ ಪ್ರತಿಫಲವೂ ಉಳಿಯುವಂತಿದ್ದರೆ ಒಂದೊಂದೇ ಅಂಗಡಿಯ ಫ್ರಾಂಚೈಸಿ ಸರಿಹೊಂದುತ್ತದೆ. ಉಳಿಕೆ ಒಬ್ಬರಿಗಷ್ಟೇ ಸಾಲುವಂತಿದ್ದರೆ ಸ್ವಂತ ಶಾಖೆ ತೆರೆದು ಮ್ಯಾನೇಜರಿಗೆ ಪಾಲು ಕೊಡುವುದು ಮೇಲು. ಸರಕೇ ಬಲವಾದವರಿಗೆ ಡೀಲರ್‌ಶಿಪ್, ಹೆಸರೋ ತಂತ್ರವೋ ಮಾತ್ರ ಬಲವಾದವರಿಗೆ ಲೈಸೆನ್ಸ್.

ಫ್ರಾಂಚೈಸಿಯೇ ಸರಿ ಎಂದಾದಾಗ ಮೊದಲ ಅರ್ಜಿದಾರರನ್ನು ಆರಿಸುವುದರಲ್ಲಿ ಅವಸರ ಸಲ್ಲದು. ಹಣವಿದ್ದೂ ಅಂಗಡಿಯಲ್ಲಿ ನಿಲ್ಲಲು ಮನಸ್ಸಿಲ್ಲದವರು, ನಿಷ್ಠುರವಾಗಿ ಮಾತಾಡಲಾಗದ ಹತ್ತಿರದ ನೆಂಟರು, ಪ್ರತಿಯೊಂದರಲ್ಲೂ ತಮ್ಮದೇ ಸುಧಾರಣೆ ಸೂಚಿಸುವ ಅನುಭವಿ ವ್ಯಾಪಾರಿಗಳು ಮೊದಲ ಅಂಗಡಿಗೆ ಹೊಂದುವುದು ಅಪರೂಪ. ಅಮೆರಿಕದ ರಾಚೆಸ್ಟರಿನಲ್ಲಿ 1888ರಲ್ಲಿ ಕೇಶಾಲಂಕಾರದ ಅಂಗಡಿ ತೆರೆದು 1891ರಿಂದ ಅದೇ ಮಾದರಿಯನ್ನು ಬೇರೆಯವರಿಗೂ ಕೊಡತೊಡಗಿದ ಮಾರ್ಥಾ ಮಟಿಲ್ಡಾ ಹಾರ್ಪರ್ ಸ್ವತಃ ಮನೆಗೆಲಸ ಮಾಡಿ ಬಂದವರು. ಹೊಸ ಅಂಗಡಿಗಳಿಗೆ ಅವರು ಆರಿಸಿದ್ದೂ ತಮ್ಮಂತೆಯೇ ದುಡಿಯುವ ಹಿನ್ನೆಲೆಯ ಹೆಂಗಸರನ್ನು. ತರಬೇತಿ ಕೊಟ್ಟು, ತಮ್ಮದೇ ಸಾಮಗ್ರಿ ಬಳಸಬೇಕೆಂದು ವಿಧಿಸಿ, ತಪಾಸಣೆಯನ್ನೂ ಇಟ್ಟಿದ್ದರು.

ಕರಾರಿಗೆ ಸಹಿ ಹಾಕುವ ಮೊದಲು ಅರ್ಜಿದಾರರನ್ನು ಎರಡು ಮೂರು ವಾರ ನಿಮ್ಮ ಅಂಗಡಿಯಲ್ಲಿ ಎಲ್ಲರಂತೆ ಕೆಲಸಕ್ಕೆ ನಿಲ್ಲಿಸಿಕೊಳ್ಳುವುದು, ಆ ದಿನಗಳ ಕೂಲಿ ಕೊಡುವುದು, ಸ್ವಂತ ಅಂಗಡಿಗಳ ಬಾಡಿಗೆ, ಸಂಬಳ, ಸವಕಳಿ ಸೇರಿದ ಲೆಕ್ಕಪುಸ್ತಕವನ್ನು ಅವರ ಲೆಕ್ಕಿಗರಿಗೆ ತೋರಿಸುವುದು ಎರಡೂ ಕಡೆಗೆ ಕ್ಷೇಮ. ಶುಲ್ಕದ ಹಣವನ್ನು ಆ ವಾರಗಳು ಮುಗಿದ ಮೇಲೆಯೇ ಪಡೆಯಬೇಕು. ಒಪ್ಪಿದ ಅವಧಿಯೊಳಗೆ ಅಂಗಡಿಗೆ ಜಾಗ ಸಿಗದಿದ್ದರೆ ಅದರಲ್ಲಿ ಎಷ್ಟು ಹಿಂದಿರುಗಿಸಲಾಗುವುದು ಎಂಬುದನ್ನೂ ಅದೇ ರಸೀದಿಯ ಮೇಲೆ ಬರೆದುಕೊಡಬೇಕು.